ಪಡೆದ ಕೈ, ನೀಡುವ ಕೈ: ಕನಕಗಿರಿಯಿಂದ ಗುಂಡ್ಲುಪೇಟೆಯವರೆಗೆ ಓದಿನ ಋಣ

ಯಾಜಕರು ಒಂದೆಡೆ ಸೇರಿದಾಗ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ 'ಈಚೆಗೆ ಏನನ್ನು ಓದಿದಿರಿ?' ಎಂಬುದೂ ಒಂದು. ವಾರ್ಷಿಕ ಧ್ಯಾನಕೂಟದ ಬಿಡುವಿನಲ್ಲಿ, ಧರ್ಮಕ್ಷೇತ್ರದ ಸಭೆ ಮುಗಿದ ಮೇಲಿನ ಊಟದ ಪಂಕ್ತಿಯಲ್ಲಿ, ಗುರುಮಠದ ಗ್ರಂಥಾಲಯದ ಬಾಗಿಲಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಉತ್ತರವಾಗಿ ಒಂದು ಗ್ರಂಥದ ಹೆಸರು ಬರುತ್ತದೆ. ಕೆಲವೊಮ್ಮೆ ಗ್ರಂಥವೇ ಕೈಗೆ ಬರುತ್ತದೆ. ನೋಟಕ್ಕೆ ಇದೊಂದು ಸಣ್ಣ ಸೌಜನ್ಯ. ಆದರೆ ನಮ್ಮ ನಾಡಿನಲ್ಲಿಯೂ ನಮ್ಮ ಧರ್ಮಸಭೆಯಲ್ಲಿಯೂ ಅನೇಕ ಗ್ರಂಥಗಳು ಉಳಿದು ಬಂದಿರುವುದು ಇಂತಹ ಸಣ್ಣ ಸೌಜನ್ಯಗಳಿಂದಲೇ. ಅನೇಕ ಕರ್ತೃಗಳ ಹೆಸರು ಅಳಿದುಹೋಗಿರುವುದೂ ಅದೇ ಸೌಜನ್ಯದ ಒಂದು ಅಂಗವನ್ನು ಕೈಬಿಟ್ಟದ್ದರಿಂದ.

ಕಳೆದ ಶೈಕ್ಷಣಿಕ ವರ್ಷದಲ್ಲಿ ನಾವು ಓದಿದ ಗ್ರಂಥಗಳಲ್ಲಿ ಎರಡನ್ನು ಈ ಲೇಖನದಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ. ಒಂದು, ದೇವಚಂದ್ರನ 'ರಾಜಾವಳೀಕಥೆ'. ಮತ್ತೊಂದು, ಅಬ್ಬೆ ದ್ಯುಬ್ವಾ ಅವರು ಹಿಂದೂಗಳ ಆಚಾರ, ಪದ್ಧತಿ ಹಾಗೂ ಸಂಸ್ಕಾರಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥ. ಮೊದಲನೆಯವನು ಇಂದಿನ ಚಾಮರಾಜನಗರ ತಾಲ್ಲೂಕಿನ ಜೈನ ವಿದ್ವಾಂಸ. ಎರಡನೆಯವರು ಮೈಸೂರು ಸೀಮೆಯಲ್ಲಿ ದುಡಿದ ಕಥೋಲಿಕ ಯಾಜಕರು. ಇಬ್ಬರ ಕಥೆಯೂ ಒಂದೇ ದಶಕದಲ್ಲಿ, ಒಂದೇ ರಾಜ್ಯದಲ್ಲಿ ತಿರುವು ಪಡೆಯಿತು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ನಮ್ಮ ಮುಂದೆ ನಿಂತ ಪ್ರಶ್ನೆ ಇದು: ತಾನು ಓದಿದ್ದನ್ನು ಇತರರಿಗೆ ನೀಡುವವನು, ಅದನ್ನು ಯಾರ ಕೈಯಿಂದ ಪಡೆದೆನೆಂಬುದನ್ನೂ ಹೇಳಬೇಕಲ್ಲವೆ?

ಕನಕಗಿರಿ, 1804

ಮಲೆಯೂರಿನ ಕನಕಗಿರಿ ಜೈನರ ಪ್ರಾಚೀನ ಕ್ಷೇತ್ರ. ಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಿದೆ. ವೈಯಾಕರಣನೂ ತತ್ತ್ವಜ್ಞನೂ ಆಗಿದ್ದ ಪೂಜ್ಯಪಾದ ಮುನಿಯ ಹೆಸರನ್ನು ಕ್ಷೇತ್ರದ ಪರಂಪರೆ ಈ ಬೆಟ್ಟದೊಂದಿಗೆ ಜೋಡಿಸುತ್ತದೆ. 1770ರಲ್ಲಿ ಜನಿಸಿದ ದೇವಚಂದ್ರನು ಈ ಕ್ಷೇತ್ರಕ್ಕೆ ಸೇರಿದ ಮನೆತನದವನು. ಓಲೆಗರಿಗಳನ್ನು ಕಾಪಾಡಿಕೊಂಡು, ಪ್ರತಿಮಾಡಿ, ಓದಿ ಹೇಳುವ ವಿದ್ವಾಂಸರ ವಾತಾವರಣದಲ್ಲಿ ಅವನು ಬೆಳೆದನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಭೂಮಾಪನವನ್ನು ಕೈಗೊಂಡರು. ಗಡಿ, ಕೆರೆ, ದಾರಿಗಳನ್ನು ಅಳೆಯುವುದು ಅವರಿಗೆ ಒಪ್ಪಿಸಿದ ಕೆಲಸ. ಅದರ ಜೊತೆಗೆ ಅವರು ಶಾಸನ, ಸ್ಥಳಪುರಾಣ, ಕೈಫಿಯತ್ತು, ಓಲೆಗರಿಗಳನ್ನು ಸಂಗ್ರಹಿಸತೊಡಗಿದರು. ಈ ಕಾರ್ಯದಲ್ಲಿ ಅವರ ಕಣ್ಣು ಕಿವಿಗಳಾಗಿದ್ದವರು ದೇಶೀಯ ವಿದ್ವಾಂಸರು. 1804ರಲ್ಲಿ ಮೆಕೆಂಝಿಯವರ ತಂಡ ಕನಕಗಿರಿಯ ಸೀಮೆಗೆ ಬಂದಿತು. ಆಗ ಚಾಮರಾಜನಗರಕ್ಕೆ ಇಂದಿನ ಹೆಸರಿರಲಿಲ್ಲ, ಅದು ಅರಿಕುಠಾರವಾಗಿತ್ತು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂಬ ಕಾರಣದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ಹೊಸ ಹೆಸರಿಟ್ಟದ್ದು ಅನಂತರದ ಮಾತು.

ಕ್ಷೇತ್ರದ ಚರಿತ್ರೆ ಏನೆಂದು ಬಂದವರು ಕೇಳಿದಾಗ ದೇವಚಂದ್ರನು ತನ್ನ ಬಳಿಯಿದ್ದ 'ಪೂಜ್ಯಪಾದ ಚರಿತೆ'ಯನ್ನು ತೋರಿಸಿದನು. ತಾನು ಓದಿದ ಗ್ರಂಥವನ್ನು ಅಪರಿಚಿತನೊಬ್ಬನ ಕೈಗೆ ಕೊಟ್ಟನು. ಆ ಪರಿಚಯ ಅಲ್ಲಿಗೇ ನಿಲ್ಲಲಿಲ್ಲ. ಇನ್ನಷ್ಟು ತಿಳಿಸಬೇಕೆಂಬ, ನಾಡಿನ ಪೂರ್ವ ವೃತ್ತಾಂತವನ್ನು ಬರೆಯಬೇಕೆಂಬ ಪ್ರೇರಣೆ ಅವನಿಗೆ ಅಲ್ಲಿಂದ ದೊರೆಯಿತು. ಅದರ ಫಲ 'ರಾಜಾವಳೀಕಥೆ'. ಗ್ರಂಥ ಮುಗಿದದ್ದು 1838ರಲ್ಲಿ, ಕನಕಗಿರಿಯ ಆ ಭೇಟಿಯ ಮೂವತ್ತನಾಲ್ಕು ವರ್ಷಗಳ ಬಳಿಕ. ಅದು ಮೈಸೂರು ಅರಮನೆಯ ದೇವೀರಮ್ಮಣ್ಣಿಯವರಿಗೆ ಸಂದಿತು. ಬಂದವನು ಕೇಳಿದ ಒಂದು ಪ್ರಶ್ನೆ, ಓದುಗನಾಗಿದ್ದವನನ್ನು ಗ್ರಂಥಕರ್ತನನ್ನಾಗಿ ಮಾಡಿತು.

'ರಾಜಾವಳೀಕಥೆ'ಯನ್ನು ಇಂದಿನ ಅರ್ಥದ ಚರಿತ್ರೆಯೆಂದು ಓದಲಾಗದು. ಪುರಾಣ, ಐತಿಹ್ಯ, ರಾಜವಂಶಾವಳಿ, ಕವಿಗಳ ವೃತ್ತಾಂತ, ಜೈನ ಮುನಿಗಳ ಕಥೆ ಎಲ್ಲವೂ ಅದರಲ್ಲಿ ಬೆರೆತಿವೆ. ಆದರೂ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಲೂಯಿ ರೈಸ್ ಅವರು ಭದ್ರಬಾಹು–ಚಂದ್ರಗುಪ್ತರ ಪರಂಪರೆಯನ್ನು ಚರ್ಚಿಸುವಾಗ ಈ ಗ್ರಂಥವನ್ನು ಆಧಾರವಾಗಿ ಬಳಸಿದರು. 1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಬಂದ 'ಕರ್ಣಾಟಕ ಕವಿಚರಿತೆ'ಯಲ್ಲಿ ಆರ್. ನರಸಿಂಹಾಚಾರ್ಯರೂ ಇದರಿಂದ ವಿಷಯಗಳನ್ನು ಪಡೆದರು. ಇಬ್ಬರೂ ಪಡೆದದ್ದನ್ನು ದೇವಚಂದ್ರನ ಹೆಸರಿನಲ್ಲಿಯೇ ಪಡೆದರು. ಆದುದರಿಂದಲೇ ಅವನ ಮಾತು ಎಲ್ಲಿ ನಂಬಲರ್ಹ, ಎಲ್ಲಿ ಅಲ್ಲ ಎಂದು ಮುಂದಿನ ವಿದ್ವಾಂಸರು ಪರೀಕ್ಷಿಸಲು ಸಾಧ್ಯವಾಯಿತು. ಮೂಲವನ್ನು ಹೆಸರಿಸುವುದು ಗೌರವದ ವಿಷಯ ಮಾತ್ರವಲ್ಲ, ಸತ್ಯಶೋಧನೆಯ ಸಾಧನವೂ ಹೌದು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಮೆಕೆಂಝಿಯವರ ಬಗೆಗೂ ಒಂದು ಮಾತು ಸಲ್ಲುತ್ತದೆ. ಅವರದು ಆಳುವವರ ಸಂಗ್ರಹ. ತಿಳಿವಳಿಕೆಯ ಹಿಂದೆ ಅಧಿಕಾರವಿತ್ತು. ಆದರೂ 1817ರಲ್ಲಿ ಬರೆದ ಒಂದು ಪತ್ರದಲ್ಲಿ ಅವರು, ಭಾರತೀಯ ವಿದ್ಯೆಯ ಬಾಗಿಲು ತಮಗೆ ತೆರೆದದ್ದು ತಮ್ಮ ಸಹಾಯಕರಾಗಿದ್ದ ಕಾವಲಿ ವೆಂಕಟ ಬೋರಯ್ಯನವರಿಂದ ಎಂಬುದನ್ನು ಸ್ಮರಿಸಿದರು. ಬೋರಯ್ಯನವರು ತೀರಿಕೊಂಡು ಆಗ ಹದಿನಾಲ್ಕು ವರ್ಷಗಳಾಗಿದ್ದವು. ಅವರ ಸ್ಮರಣೆಯಿಂದ ಪತ್ರ ಬರೆದವರಿಗೆ ದೊರೆಯಬೇಕಾದ ಲಾಭ ಯಾವುದೂ ಇರಲಿಲ್ಲ.

ದೊಡ್ಡಸ್ವಾಮಿಯವರ ಹಸ್ತಪ್ರತಿ

ಇದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಇನ್ನೊಂದು ಗ್ರಂಥ ಕೈ ಬದಲಾಯಿಸಿತು. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಗೆ ಸೇರಿದ ಅಬ್ಬೆ ಜಾಂ-ಆಂತ್ವಾನ್ ದ್ಯುಬ್ವಾ ಅವರು ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ, 1792ರಲ್ಲಿ, ಯಾಜಕದೀಕ್ಷೆ ಪಡೆದು ಭಾರತಕ್ಕೆ ಬಂದರು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಚದುರಿದ ಕ್ರೈಸ್ತರ ಪಾಲನೆ ಅವರ ಪಾಲಿಗೆ ಬಂತು. ದೇಶೀಯ ಉಡುಪು, ದೇಶೀಯ ಆಹಾರಪದ್ಧತಿಗಳನ್ನು ಸ್ವೀಕರಿಸಿ, ಹಳ್ಳಿಯಿಂದ ಹಳ್ಳಿಗೆ ನಡೆದರು. ಸಿಡುಬಿನ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿಸಿದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಈ ಸೇವೆಯ ಯಾವ ಭಾಗವನ್ನೂ ಕಡಿಮೆಯೆಂದು ಎಣಿಸುವುದು ನಮ್ಮ ಉದ್ದೇಶವಲ್ಲ.

1806ರಲ್ಲಿ ಮೈಸೂರಿನ ರೆಸಿಡೆಂಟರ ಸ್ಥಾನದಲ್ಲಿದ್ದ ಮಾರ್ಕ್ ವಿಲ್ಕ್ಸ್ ಅವರು ದ್ಯುಬ್ವಾ ಅವರ ಹಸ್ತಪ್ರತಿಯನ್ನು ಮದ್ರಾಸಿಗೆ ಕಳುಹಿಸಿದರು. ಮರುವರ್ಷ ಗವರ್ನರ್ ಬೆಂಟಿಂಕ್ ಅವರ ಶಿಫಾರಸಿನಂತೆ ಈಸ್ಟ್ ಇಂಡಿಯಾ ಕಂಪನಿ ಅದನ್ನು 2000 ಸ್ಟಾರ್ ಪಗೋಡಗಳಿಗೆ ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದ್ಯುಬ್ವಾ ಅವರು ಗ್ರಂಥವನ್ನು ಬಹಳವಾಗಿ ತಿದ್ದಿ ಬೆಳೆಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದ ಬಳಿಕ, 1825ರಲ್ಲಿ, ಫ್ರೆಂಚ್ ಆವೃತ್ತಿ ಬಂತು. ಬೋಚಂಪ್ ಅವರು ಪರಿಷ್ಕೃತ ಪ್ರತಿಯಿಂದ ಮಾಡಿದ ಇಂಗ್ಲಿಷ್ ಅನುವಾದ 1897ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಗಿ ಇಂದಿಗೂ ಓದುಗರ ಕೈಯಲ್ಲಿದೆ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಗ್ರಂಥ, ಒಬ್ಬ ಯಾಜಕ ತನ್ನ ಕಣ್ಣಾರೆ ಕಂಡದ್ದರ ದಾಖಲೆಯೆಂದೇ ಓದಲ್ಪಟ್ಟಿತು.

1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು ಎರಡು ಸಂಪುಟಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿದ್ದ, ದೆವೋ ಎಂಬ ಫ್ರೆಂಚ್ ಸೈನ್ಯಾಧಿಕಾರಿಯ ಹೆಸರಿನ, 1777ರ ಹಸ್ತಪ್ರತಿಯೊಂದನ್ನು ಅವರು ದ್ಯುಬ್ವಾ ಅವರ ಗ್ರಂಥದೊಂದಿಗೆ ಹೋಲಿಸಿದರು. ಎರಡರ ಹಿಂದೆಯೂ ಇದ್ದದ್ದು ಒಂದೇ ಮೂಲವೆಂದು ಅವರು ತೋರಿಸಿಕೊಟ್ಟರು. ಆ ಮೂಲದ ಕರ್ತೃ, 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡ ಯೇಸುಸಭೆಯ ಗಾಸ್ತೋಂ-ಲೊರಾಂ ಕೆರ್ದೂ ಸ್ವಾಮಿಗಳು. ಸಂಸ್ಕೃತ, ಗ್ರೀಕ್, ಲತೀನ್ ಭಾಷೆಗಳು ಒಂದೇ ಕುಲದವೆಂಬುದನ್ನು ವಿಲಿಯಂ ಜೋನ್ಸ್ ಅವರಿಗಿಂತ ಮುಂಚೆಯೇ, 1767ರಲ್ಲಿ, ಗುರುತಿಸಿದವರೂ ಇವರೇ. ಆ ಶೋಧನೆಯೂ ಅವರ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಎರಡು ಸಲ ಅವರ ಹೆಸರು ಹಿಂದೆ ಸರಿಯಿತು. ಎರಡು ಸಲವೂ ಶ್ರಮದ ಫಲ ಮತ್ತೊಬ್ಬರ ಹೆಸರಿನಲ್ಲಿ ಲೋಕವನ್ನು ಮುಟ್ಟಿತು.

ಇದನ್ನು ಹೇಗೆ ತೂಗಬೇಕು? 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ವಿಸರ್ಜಿಸಿದರು. ಅನಂತರದ ವರ್ಷಗಳಲ್ಲಿ ಆ ಸಭೆಯವರ ಕರ್ನಾಟಿಕ್ ಮಿಷನ್ ಪ್ಯಾರಿಸ್ ಸಂಸ್ಥೆಗೆ ಒಪ್ಪಿಸಲ್ಪಟ್ಟಿತು. ಚರ್ಚುಗಳು, ಜನ, ಮನೆಗಳೊಂದಿಗೆ ಬರಹಗಳೂ ಹೊಸಬರ ಕೈಗೆ ಬಂದವು. ಹಿಂದಿನವರ ಟಿಪ್ಪಣಿಗಳನ್ನು ಹೊಸ ಮಿಷನರಿ ಓದುವುದು ಸಹಜ, ಅವಶ್ಯ ಕೂಡ. ಹಸ್ತಪ್ರತಿಗಳಿಂದ ಹೇಳದೆ ಎತ್ತಿಕೊಳ್ಳುವುದು ಆ ಕಾಲದ ಬರಹಗಾರರಲ್ಲಿ ಅಪರೂಪವೂ ಆಗಿರಲಿಲ್ಲ. ದ್ಯುಬ್ವಾ ಅವರು ಸ್ವಂತ ಅವಲೋಕನಗಳನ್ನು ಧಾರಾಳವಾಗಿ ಸೇರಿಸಿದರೆಂಬುದೂ ನಿಜ. ಇಷ್ಟೆಲ್ಲವನ್ನು ಒಪ್ಪಿದ ಮೇಲೂ ಒಂದು ಸಂಗತಿ ಉಳಿಯುತ್ತದೆ: ಕೆರ್ದೂ ಅವರ ಹೆಸರನ್ನು ಹೇಳಿದ್ದರೆ ಗ್ರಂಥದ ಬೆಲೆ ಕಡಿಮೆಯಾಗುತ್ತಿರಲಿಲ್ಲ, ಹೇಳದಿದ್ದುದರಿಂದ ಓದುಗರಿಗೆ ನಷ್ಟವಾಯಿತು. ತಮಿಳು ಮತ್ತು ತೆಲುಗು ನಾಡಿನಲ್ಲಿ ದಶಕಗಳ ಹಿಂದೆ ಒಬ್ಬರು ಕಂಡದ್ದನ್ನು, ಮೈಸೂರು ಸೀಮೆಯಲ್ಲಿ ಇನ್ನೊಬ್ಬರು ಆಗತಾನೆ ಕಂಡದ್ದೆಂದು ಓದಲಾಯಿತು. ಕಾಲವೂ ಸ್ಥಳವೂ ಕಲಸಿಹೋದವು. ಪಡೆದ ಕೈಯನ್ನು ಮರೆಮಾಡಿದಾಗ ಸತ್ಯಕ್ಕೆ ಆಗುವ ಹಾನಿ ಇದೇ.

ಇಲ್ಲಿ ಇನ್ನೊಂದು ಋಣವೂ ಇದೆ. ದ್ಯುಬ್ವಾ ಅವರಿಗೆ ಆಚಾರಗಳ ಅರ್ಥವನ್ನು ವಿವರಿಸಿದ ಹಳ್ಳಿಗಳ ಜನ, ಪಂಡಿತರು, ಉಪದೇಶಿಗಳು ಗ್ರಂಥದಲ್ಲಿ ಹೆಸರಿಲ್ಲದೆ ನಿಂತಿದ್ದಾರೆ. ಅದೇ ವಿಲ್ಕ್ಸ್ ಅವರು 1810ರಲ್ಲಿ ತಮ್ಮ ಮೈಸೂರು ಚರಿತ್ರೆಯ ಮೊದಲ ಸಂಪುಟವನ್ನು ಹೊರತಂದಾಗ ಮೆಕೆಂಝಿಯವರ ಸಂಗ್ರಹದ ಋಣವನ್ನು ಪೀಠಿಕೆಯಲ್ಲಿಯೇ ಒಪ್ಪಿಕೊಂಡರು. ಆದುದರಿಂದ, ಮೂಲವನ್ನು ಹೆಸರಿಸುವ ರೂಢಿ ಆ ಕಾಲಕ್ಕೆ ತಿಳಿದೇ ಇರಲಿಲ್ಲವೆಂದು ಹೇಳಿ ಪ್ರಶ್ನೆಯನ್ನು ಮುಚ್ಚಲು ಬಾರದು.

ಪೂರ್ವಕವಿ ಸ್ಮರಣೆ

ಕನ್ನಡದ ಕಾವ್ಯಪರಂಪರೆ ಈ ವಿಷಯದಲ್ಲಿ ನಮಗೆ ಗುರುಸ್ಥಾನದಲ್ಲಿದೆ. ಕಾವ್ಯದ ಆರಂಭದಲ್ಲಿ ದೇವತಾಸ್ತುತಿಯ ಬಳಿಕ ಹಿಂದಿನ ಕವಿಗಳನ್ನು ನೆನೆಯುವುದು ನಮ್ಮ ಹಳೆಯ ಕವಿಗಳ ಕ್ರಮ. ಇದನ್ನು ಅಲಂಕಾರವೆಂದು ಭಾವಿಸಿ ಪುಟ ತಿರುವುವವರುಂಟು. ವಾಸ್ತವದಲ್ಲಿ ಅದು ಕವಿಯ ಓದಿನ ಪಟ್ಟಿ: ನಾನು ಇವರನ್ನು ಓದಿದೆ, ನೀವೂ ಓದಿರಿ ಎಂಬ ಶಿಫಾರಸು.

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನೂ ಪದ್ಯಕಾರರೆಂದು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲರನ್ನೂ ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ಇಂದು ನಮಗೆ ಉಳಿದಿಲ್ಲ. ಒಬ್ಬ ಓದುಗ ಅವರನ್ನು ಹೆಸರಿಸಿದ ಕಾರಣದಿಂದ ಮಾತ್ರ, ಕನ್ನಡಕ್ಕೆ ಅಷ್ಟು ಹಿಂದೆಯೇ ಒಂದು ಸಾಹಿತ್ಯವಿತ್ತೆಂದು ನಾವು ಬಲ್ಲೆವು. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ'ವನ್ನು ಕಟ್ಟಿದನು. ಅವನ ಮಗ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ತಾನು ಯಾರ ಪ್ರಯೋಗಗಳನ್ನು ಪ್ರಮಾಣವಾಗಿ ಸ್ವೀಕರಿಸಿದೆನೆಂದು ಕವಿಗಳ ಹೆಸರು ಹಿಡಿದು ಹೇಳಿದನು. ತಂದೆ ಓದನ್ನು ಹಂಚಿದನು, ಮಗ ಓದಿನ ಋಣವನ್ನು ಒಪ್ಪಿದನು.

ಈ ಸಂಪ್ರದಾಯದ ಒಂದು ಕೊಂಬೆ ಚಾಮರಾಜನಗರದ ನೆರೆಯಲ್ಲಿಯೇ ಚಿಗುರಿತು. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗಾಗಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ ಚಿಕ್ಕದೇವರಾಜ ಒಡೆಯರು 1673ರಿಂದ 1704ರವರೆಗೆ ಆಳಿದರು. ಅವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಕೆಲಸಕ್ಕಿದ್ದವಳು ಯಳಂದೂರಿನ ಹೊನ್ನಮ್ಮ. ಆಕೆಯ 'ಹದಿಬದೆಯ ಧರ್ಮ' ಸಾಂಗತ್ಯದಲ್ಲಿ ರಚಿತವಾದ ಕೃತಿ. ತನಗೆ ವಿದ್ಯೆಯ ದಾರಿ ತೋರಿದ ಅಳಸಿಂಗರಾರ್ಯನನ್ನೂ ಬರೆಯಲು ಪ್ರೇರೇಪಿಸಿದ ರಾಣಿ ದೇವಾಜಮ್ಮಣ್ಣಿಯನ್ನೂ ಆಕೆ ಕೃತಜ್ಞತೆಯಿಂದ ನೆನೆಯುತ್ತಾಳೆ. ಸೇವಕಿಯೊಬ್ಬಳ ಕೈಗೆ ಗ್ರಂಥ ಬಂದದ್ದು ಹೇಗೆಂದು ನಮಗೆ ತಿಳಿದಿರುವುದು ಆ ನೆನಕೆಯಿಂದಲೇ. ಆಕೆಯ ಕೃತಿಯನ್ನು ನಮ್ಮ ಗುರುವಿದ್ಯಾರ್ಥಿಗಳಿಗೆ ವಿಶೇಷವಾಗಿ ಶಿಫಾರಸು ಮಾಡುತ್ತೇವೆ. ಪತಿವ್ರತಾಧರ್ಮವನ್ನು ಬೋಧಿಸುವ ಕೃತಿಯೊಳಗೇ ಹೆಣ್ಣನ್ನು ಕೀಳೆಂದು ಕಾಣುವವರನ್ನು ಪ್ರಶ್ನಿಸುವ ಧೈರ್ಯ ಅದರಲ್ಲಿದೆ. ಮದುವೆಯ ಸಿದ್ಧತಾ ತರಗತಿಗಳನ್ನು ನಡೆಸುವ ಯಾಜಕರು ಅದರಿಂದ ಕಲಿಯುವುದು ಬಹಳವಿದೆ.

ಅಕ್ಷರದಾಚೆಗೂ ಈ ಕ್ರಮ ಉಂಟು. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರೂ ಗುರುವನ್ನು ನೆನೆಯದೆ ಹಾಡು ತೆಗೆಯುವುದಿಲ್ಲ. ಅವರ ಗ್ರಂಥ ಕಂಠದಲ್ಲಿದೆ, ಅದು ಬಂದದ್ದು ಗುರುವಿನ ಬಾಯಿಂದ. ಓದು ಬಾರದವರೆಂದು ನಾವು ಎಣಿಸುವ ಜನರಲ್ಲಿ ಮೂಲವನ್ನು ಹೆಸರಿಸುವ ಶಿಸ್ತು ನಮ್ಮಲ್ಲಿರುವುದಕ್ಕಿಂತ ಗಟ್ಟಿಯಾಗಿ ನಿಂತಿದೆ.

ಧರ್ಮಸಭೆಯ ಸಾಕ್ಷ್ಯ

ನಮ್ಮ ಶ್ರೀಗ್ರಂಥವೂ ಇದನ್ನೇ ಕಲಿಸುತ್ತದೆ. ಕೊಲೊಸ್ಸೆಯರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ, ಆ ಪತ್ರವನ್ನು ಓದಿದ ಮೇಲೆ ಲವೊದಿಕೀಯದ ಸಭೆಗೆ ಕಳುಹಿಸಬೇಕೆಂದೂ ಅಲ್ಲಿಗೆ ಬಂದ ಪತ್ರವನ್ನು ತರಿಸಿಕೊಂಡು ಓದಬೇಕೆಂದೂ ಆದೇಶಿಸುತ್ತದೆ. ನೆರೆಯ ಎರಡು ಸಭೆಗಳ ನಡುವಿನ ಆ ಓದಿನ ವಿನಿಮಯದಿಂದಲೇ ಪತ್ರಗಳ ಸಂಗ್ರಹ ಬೆಳೆಯಿತು. ಸಂಗ್ರಹದಿಂದ ಹೊಸ ಒಡಂಬಡಿಕೆಯ ಒಂದು ಭಾಗ ರೂಪುಗೊಂಡಿತು. ಸಂತ ಲೂಕರು ತಮ್ಮ ಶುಭಸಂದೇಶವನ್ನು ಆರಂಭಿಸುವುದೇ, ತಮಗಿಂತ ಮುಂಚೆ ಅನೇಕರು ಈ ಕಾರ್ಯಕ್ಕೆ ಕೈಹಾಕಿದ್ದಾರೆ ಎಂಬ ಒಪ್ಪಿಗೆಯೊಂದಿಗೆ. ಸಂತ ಪೌಲರು ಕೊರಿಂಥದವರಿಗೆ ಪರಮಪ್ರಸಾದದ ಬಗ್ಗೆ, ಮತ್ತೆ ಪುನರುತ್ಥಾನದ ಬಗ್ಗೆ ಬರೆಯುವಾಗ, ತಾವು ಒಪ್ಪಿಸುತ್ತಿರುವುದು ತಾವೇ ಪಡೆದದ್ದು ಎಂದು ಮೊದಲು ಹೇಳಿ ಮುಂದೆ ಹೋಗುತ್ತಾರೆ. ಪಡೆದದ್ದನ್ನು ಪಡೆದದ್ದೆಂದು ಹೇಳಿ ಒಪ್ಪಿಸುವುದೇ ಪವಿತ್ರ ಸಂಪ್ರದಾಯದ ವ್ಯಾಕರಣ. ಇದನ್ನು ದೈವಶಾಸ್ತ್ರದ ಮೊದಲ ವರ್ಷದಲ್ಲಿ ಬೋಧಿಸುತ್ತೇವೆ. ಆದರೆ ನಮ್ಮ ಓದಿಗೆ, ನಮ್ಮ ಪ್ರಬೋಧನೆಗೆ ಅದನ್ನು ಅನ್ವಯಿಸುವುದು ವಿರಳ.

ಸಂತ ಜೆರೋಮರು 392–393ರ ಸುಮಾರಿಗೆ ಬೆತ್ಲೆಹೇಮಿನಲ್ಲಿ ಬರೆದ 'ಪ್ರಸಿದ್ಧ ಪುರುಷರು' ಎಂಬ ಕೃತಿಯಲ್ಲಿ 135 ಮಂದಿ ಕರ್ತೃಗಳ ಪರಿಚಯವಿದೆ; ಯೆಹೂದ್ಯರಾದ ಫಿಲೋ, ಜೋಸೆಫಸ್ ಹಾಗೂ ರೋಮನ್ ತತ್ತ್ವಜ್ಞ ಸೆನೆಕ ಕೂಡ ಅಲ್ಲಿದ್ದಾರೆ. ಪೀಠಿಕೆಯಲ್ಲಿ ಅವರು ಯೂಸೇಬಿಯಸರ ನೆರವನ್ನು ಒಪ್ಪಿಕೊಂಡಿದ್ದಾರೆ. ಆದರೆ ಆ ಒಪ್ಪಿಗೆಗಿಂತ ಹೆಚ್ಚನ್ನೇ ಅವರು ಯೂಸೇಬಿಯಸರಿಂದ ಪಡೆದರೆಂದು, ಕೆಲವು ಗ್ರಂಥಗಳನ್ನು ಸ್ವತಃ ನೋಡದೆಯೇ ಹೆಸರಿಸಿದರೆಂದು ವಿದ್ವಾಂಸರು ತೋರಿಸಿದ್ದಾರೆ. ಸಂತರಿಗೂ ಇಂತಹ ಆತುರ ಇತ್ತೆಂಬುದು ನಮಗೆ ಎಚ್ಚರಿಕೆ: ಓದಿದ ಗ್ರಂಥವನ್ನೂ ಕೇಳಿ ತಿಳಿದ ಗ್ರಂಥವನ್ನೂ ಒಂದೇ ಸ್ವರದಲ್ಲಿ ಶಿಫಾರಸು ಮಾಡಬಾರದು.

ಕನ್ನಡದಲ್ಲಿ 'ಕವಿರಾಜಮಾರ್ಗ' ರೂಪುಗೊಂಡ ಅದೇ ಒಂಬತ್ತನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಫೋಟಿಯಸರು ತಮ್ಮ ಸಹೋದರ ತರಾಸಿಯಸರಿಗಾಗಿ ಒಂದು ಅಪೂರ್ವ ಕೃತಿಯನ್ನು ಸಿದ್ಧಪಡಿಸಿದರು. ಸಹೋದರನು ಜೊತೆಯಲ್ಲಿಲ್ಲದಿದ್ದಾಗ ಓದಲ್ಪಟ್ಟ ಗ್ರಂಥಗಳ ಸಾರವನ್ನು ಅವನಿಗೆ ತಿಳಿಸುವುದು ಅದರ ಉದ್ದೇಶ. 'ಬಿಬ್ಲಿಯೋಥೇಕ' ಎಂದು ಪ್ರಸಿದ್ಧವಾದ ಅದರಲ್ಲಿ 280 ಭಾಗಗಳಿವೆ. ಅಲ್ಲಿ ಪರಿಚಯಿಸಲ್ಪಟ್ಟ ಗ್ರಂಥಗಳಲ್ಲಿ ಸುಮಾರು ಅರ್ಧದಷ್ಟು ಇಂದು ನಷ್ಟವಾಗಿವೆ. ಭಾರತವನ್ನು ಕುರಿತು ಗ್ರೀಕ್ ವೈದ್ಯ ಕ್ಟೇಸಿಯಸನು ಬರೆದದ್ದು ನಮಗೆ ಬಹುಮಟ್ಟಿಗೆ ತಿಳಿದಿರುವುದು ಫೋಟಿಯಸರ ಸಾರಾಂಶದಿಂದಲೇ. ರೋಮಿನೊಡನೆ ಅವರ ವಿವಾದದಿಂದಾಗಿ ಲತೀನ್ ಸಭೆ ಅವರನ್ನು ಬಹುಕಾಲ ವೈರಿಯೆಂದೇ ಕಂಡಿತು. ಆದರೂ ಸಹೋದರನಿಗಾಗಿ ಓದಿನ ಟಿಪ್ಪಣಿ ಬರೆದ ಆ ಕೈಗೆ ಎರಡು ಸಭೆಗಳೂ ಋಣಿಯಾಗಿವೆ. ಬಗ್ದಾದಿನ ಕಡೆಗೆ ಮುಖಮಾಡಿದ್ದ ಆ ನಗರದಲ್ಲಿ ಒಬ್ಬರು, ಮಾನ್ಯಖೇಟದ ಆಸ್ಥಾನದಲ್ಲಿ ಇನ್ನೊಬ್ಬರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಕೆಲಸವನ್ನು ಮಾಡುತ್ತಿದ್ದರು: ತಮ್ಮ ಓದನ್ನು ಹೆಸರು ಸಹಿತ ಮುಂದಿನವರಿಗೆ ದಾಟಿಸುತ್ತಿದ್ದರು.

ಗುಂಡ್ಲುಪೇಟೆಯ ಹೆಸರು ಹೊತ್ತ ಪರಿಚಾರಕರು

ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯವನ್ನು ಬದುಕಿನ ವ್ರತವಾಗಿಸಿಕೊಂಡವರು ಜಿ. ಪಿ. ರಾಜರತ್ನಂ. ತಮಿಳುನಾಡಿನಿಂದ ವಲಸೆ ಬಂದ ಅವರ ಹಿರಿಯರು ನೆಲೆಸಿದ ಗುಂಡ್ಲುಪೇಟೆಯೇ ಅವರ ಹೆಸರಿನ ಮೊದಲ ಅಕ್ಷರವಾಗಿ ನಿಂತಿತು. ಮಕ್ಕಳ ಪದ್ಯಗಳಿಂದ, 'ರತ್ನನ ಪದಗಳು' ಕೃತಿಯಿಂದ ಅವರನ್ನು ಕನ್ನಡಿಗರೆಲ್ಲರೂ ಬಲ್ಲರು. ನಮ್ಮ ಓದುಗರು ಗಮನಿಸಬೇಕಾದದ್ದು ಅವರ ಇನ್ನೊಂದು ಮುಖ. ಶ್ರೀವೈಷ್ಣವ ಮನೆತನದಲ್ಲಿ ಹುಟ್ಟಿದ ಅವರು ಪಾಳಿಯನ್ನು ಕಲಿತು, ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದರು. ಜೈನ ಸಾಹಿತ್ಯದಲ್ಲಿಯೂ ಅಷ್ಟೇ ಶ್ರದ್ಧೆಯಿಂದ ದುಡಿದರು. ಶಾಕ್ಯ ಸಾಹಿತ್ಯ ಮಂಟಪವೆಂಬ ಪ್ರಕಾಶನವನ್ನು ನಡೆಸಿದರು. 'ಚೀನಾದೇಶದ ಬೌದ್ಧ ಯಾತ್ರಿಕರು' ಅವರ ಮೊದಲ ಕೃತಿಗಳಲ್ಲಿ ಒಂದು. ಗ್ರಂಥಗಳನ್ನು ಅರಸಿ ಮರುಭೂಮಿ ದಾಟಿ ಬಂದು, ಅವನ್ನು ಹೊತ್ತು ಮರಳಿದವರ ಕಥೆ ಅದು. ಅವರಲ್ಲಿ ಒಬ್ಬನಾದ ಹ್ಯೂಯೆನ್‌ತ್ಸಾಂಗನು 645ರಲ್ಲಿ ಸ್ವದೇಶಕ್ಕೆ 657 ಗ್ರಂಥಗಳನ್ನು ಕೊಂಡೊಯ್ದನು.

ರಾಜರತ್ನಂ ಅವರೂ ಪುಸ್ತಕಗಳನ್ನು ಹೊತ್ತು ತಿರುಗಿ ಮಾರಿದರು. ಅವರಿಗೂ ಮುಂಚೆ ಉತ್ತರ ಕರ್ನಾಟಕದಲ್ಲಿ ಗಳಗನಾಥರು ಹೀಗೆಯೇ ಗ್ರಂಥಗಳ ಹೊರೆಯೊಂದಿಗೆ ಊರೂರು ಸುತ್ತಿದ್ದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ಅವರು ಎಳೆಯ ಬರಹಗಾರರನ್ನು ಬೆಳಕಿಗೆ ತಂದರು. 1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಮರುವರ್ಷ ತೀರಿಕೊಂಡರು. ನಾಡು ಅವರನ್ನು 'ಸಾಹಿತ್ಯ ಪರಿಚಾರಕ' ಎಂದು ಕರೆಯಿತು. ಪರಿಚಾರಕ ಎಂದರೆ ಊಟವನ್ನು ತಾನು ಬೆಳೆದದ್ದೆಂದು ಹೇಳಿಕೊಳ್ಳದೆ ಬಡಿಸುವವನು. ದೈವವಾಕ್ಯದ ಪರಿಚಾರಕರಾಗಲು ಸಿದ್ಧರಾಗುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಬಿರುದು ಯಾವುದಿದೆ?

ನೆರೆಯವರ ಧರ್ಮಗ್ರಂಥಗಳನ್ನು ಅವರವರ ಹೆಸರಿನಲ್ಲಿ, ಅವರವರ ಗೌರವದೊಂದಿಗೆ ಹಂಚಿಕೊಳ್ಳುವ ಕಾರ್ಯವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತೇತರ ಧರ್ಮಗಳನ್ನು ಕುರಿತ ಘೋಷಣೆಯ ಮೂಲಕ ನಮಗೆ ಒಪ್ಪಿಸಿತು. ಗುಂಡ್ಲುಪೇಟೆಯ ಹೆಸರು ಹೊತ್ತ ಈ ಗೃಹಸ್ಥರು ಅದನ್ನು ಅದಕ್ಕೂ ದಶಕಗಳ ಮುಂಚೆ ಆರಂಭಿಸಿದ್ದರು.

ನಮ್ಮ ಮುಂದಿರುವ ಕೆಲಸ

ಇಂದು ಚಾಮರಾಜನಗರ ಜಿಲ್ಲೆ ಮೈಸೂರು ಧರ್ಮಕ್ಷೇತ್ರದ ಭಾಗ. ದ್ಯುಬ್ವಾ ಅವರ ಸಂಸ್ಥೆಯ ಮಿಷನರಿಗಳೇ ಆ ಧರ್ಮಕ್ಷೇತ್ರವನ್ನು ಕಟ್ಟಿದವರು. ಆದುದರಿಂದ ದೊಡ್ಡಸ್ವಾಮಿಯವರ ಗ್ರಂಥವೂ ಅದರೊಳಗೆ ಮರೆಯಾದ ಕೆರ್ದೂ ಸ್ವಾಮಿಗಳ ಹೆಸರೂ ನಮ್ಮ ಪಿತ್ರಾರ್ಜಿತವೇ. ಆಸ್ತಿಯನ್ನು ಸ್ವೀಕರಿಸಿದವರು ಸಾಲವನ್ನೂ ಸ್ವೀಕರಿಸಬೇಕು.

ಸಾಲ ತೀರಿಸುವ ದಾರಿ ಕಷ್ಟದ್ದಲ್ಲ. ಭಾನುವಾರದ ಪ್ರಬೋಧನೆಗಳು ಸಿದ್ಧವಾಗಿ ದೊರೆಯುವ ಕಾಲವಿದು. ಮತ್ತೊಬ್ಬರ ಉಪಮೆ, ಮತ್ತೊಬ್ಬರ ಧ್ಯಾನ, ಮತ್ತೊಬ್ಬರ ಕಣ್ಣೀರಿನ ಅನುಭವ ಕೂಡ ಪೀಠದ ಮೇಲಿಂದ ಹೆಸರಿಲ್ಲದೆ ಹರಿಯುವುದನ್ನು ನಾವೆಲ್ಲರೂ ಕೇಳುತ್ತೇವೆ. 'ಇದನ್ನು ನಾನು ಇಂಥವರಲ್ಲಿ ಓದಿದೆ' ಎಂಬ ಒಂದು ವಾಕ್ಯಕ್ಕೆ ಹಿಡಿಯುವ ಕಾಲ ಎಷ್ಟು? ಆ ವಾಕ್ಯದಿಂದ ಪ್ರಬೋಧಕನ ಘನತೆ ಕುಗ್ಗುವುದಿಲ್ಲ. ಕೇಳುವವನಿಗೆ ಒಂದು ಬಾಗಿಲು ತೆರೆಯುತ್ತದೆ. ಬೇಕೆನಿಸಿದರೆ ಅವನೂ ಆ ಗ್ರಂಥದ ಬಳಿಗೆ ಹೋಗಬಹುದು. ಹೆಸರು ಹೇಳದ ಪ್ರಬೋಧಕನು ತಾನು ನೀರು ಕುಡಿದ ಬಾವಿಯನ್ನು ಮುಚ್ಚಿ ಬಂದವನಂತೆ.

ಗುರುವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಮೂರು. ಬಿ. ಎಸ್. ಸಣ್ಣಯ್ಯನವರು ಸಂಪಾದಿಸಿರುವ 'ರಾಜಾವಳೀಕಥೆ'ಯನ್ನು ಒಮ್ಮೆಯಾದರೂ ಓದಿರಿ. ಅದರ ಕಾಲಗಣನೆಗಾಗಿ ಅಲ್ಲ, ನೆರೆಯ ಧರ್ಮದವನೊಬ್ಬ ತನ್ನ ನಾಡನ್ನು ಹೇಗೆ ನೆನೆದನೆಂದು ತಿಳಿಯುವುದಕ್ಕಾಗಿ. ದ್ಯುಬ್ವಾ ಅವರ ಗ್ರಂಥವನ್ನು ಓದುವಾಗ, ಅದರ ಕಠಿಣ ತೀರ್ಪುಗಳನ್ನೂ ಪೂರ್ವಗ್ರಹಗಳನ್ನೂ ಎಚ್ಚರದಿಂದ ತೂಗುತ್ತ, ಪ್ರತಿ ಅಧ್ಯಾಯದಲ್ಲಿಯೂ 'ಇದನ್ನು ಕಂಡವರು ಯಾರು, ಎಲ್ಲಿ, ಯಾವಾಗ?' ಎಂದು ಕೇಳಿಕೊಳ್ಳಿರಿ. ಮತ್ತು ಓದಿದ ಪ್ರತಿ ಪುಸ್ತಕಕ್ಕೂ ಫೋಟಿಯಸರಂತೆ ಒಂದು ಪುಟದ ಟಿಪ್ಪಣಿಯನ್ನು, ಗೈರುಹಾಜರಾದ ಒಬ್ಬ ಸಹೋದರನನ್ನು ಮನಸ್ಸಿನಲ್ಲಿಟ್ಟುಕೊಂಡು, ಬರೆದಿಡಿರಿ. ಗುಂಡ್ಲುಪೇಟೆಯಂತಹ ಪಟ್ಟಣದಲ್ಲಿ, ಅದರಾಚೆಯ ಹಳ್ಳಿಗಳಲ್ಲಿ ಒಬ್ಬಂಟಿಯಾಗಿ ಸೇವೆ ಮಾಡುವ ಯಾಜಕರಿಗೆ ಗ್ರಂಥಾಲಯ ದೂರ. ಅಂಥವರಿಗೆ ಸ್ನೇಹಿತನೊಬ್ಬ ಕಳುಹಿಸಿದ ಒಂದು ಪುಟ ಆ ತಿಂಗಳ ಆಹಾರವಾಗಬಲ್ಲದು.

ಧರ್ಮಕೇಂದ್ರಗಳ ಗುರುಗಳಲ್ಲಿ ನಮ್ಮದೊಂದು ವಿನಂತಿಯಿದೆ. ನಿಮ್ಮ ಧರ್ಮಕೇಂದ್ರದಲ್ಲಿ ಒಂದು ಕಪಾಟು ಪುಸ್ತಕಗಳಿದ್ದರೆ, ಪ್ರತಿ ಪುಸ್ತಕದ ಒಳಹೊದಿಕೆಯಲ್ಲಿ ಅದನ್ನು ಯಾರು ಶಿಫಾರಸು ಮಾಡಿದರು, ಯಾರು ಕೊಟ್ಟರು ಎಂದು ಒಂದು ಸಾಲು ಬರೆಯಿರಿ. ಉಪದೇಶಿಯೊಬ್ಬರು, ಶಾಲೆಯ ಶಿಕ್ಷಕಿಯೊಬ್ಬರು, ನೆರೆಯ ಜೈನ ಅಥವಾ ಲಿಂಗಾಯತ ಮಿತ್ರರೊಬ್ಬರು ಕೊಟ್ಟದ್ದಾಗಿದ್ದರೆ ಅದನ್ನೂ ಬರೆಯಿರಿ. ಮುಂದೆ ಆ ಪುಸ್ತಕವನ್ನು ತೆರೆಯುವವರಿಗೆ ಗ್ರಂಥದ ಜೊತೆಗೆ ಅದನ್ನು ದಾಟಿಸಿದ ಕೈಯೂ ಕಾಣುತ್ತದೆ. ನಿಮ್ಮ ಧರ್ಮಕೇಂದ್ರದ ಚರಿತ್ರೆಯನ್ನು ಒಂದು ದಿನ ಬರೆಯಲು ಕುಳಿತವರಿಗೆ ಆ ಸಾಲುಗಳು ಆಧಾರವಾಗುತ್ತವೆ.